ಉಬುಂಟು ಅಪ್‌ಗ್ರೇಡ್ ಆದ ಮೇಲೆ ಸಿಂಕ್‌ಥಿಂಗ್ ಏಳುತ್ತಿಲ್ಲ, ಮದುವೆ ಕಾಗದ ಅಂಗಡಿಯಲ್ಲೇ ಉಳಿದಿದೆ

ಅಚ್ಚುಮೊಳೆ, ಮಾಟುಂಗಾ
ಮಂಗಳವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಆಮೇಲೆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದೆ, ಅದು ಹೋದ ಮೇಲೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು ಕಲಿತೆ. ಈಗ ಮಾಟುಂಗಾ ಲೇಬರ್ ಕ್ಯಾಂಪಿನ ಹತ್ತಿರ ನನ್ನದೇ ಸಣ್ಣ ಅಂಗಡಿ ಉಂಟು. ಗಿರಾಕಿಗಳು ಇಬ್ಬರು ಒಟ್ಟಿಗೆ ಬಂದರೆ ನಾನು ಎದ್ದು ಹೊರಗೆ ನಿಲ್ಲಬೇಕು, ಅಷ್ಟು ದೊಡ್ಡದು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸಂಘಗಳ ಸ್ಮರಣ ಸಂಚಿಕೆ, ಗಣೇಶೋತ್ಸವದ ರಸೀದಿ ಪುಸ್ತಕ, ಇದೇ ನಮ್ಮ ಅನ್ನ.

ಮನೆ ಡೊಂಬಿವಲಿಯಲ್ಲಿ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿಯೇ ದಿನ ಹೋಗುತ್ತದೆ, ನಿಜವಾದ ಕೆಲಸ ರಾತ್ರಿ ಮನೆಯಲ್ಲಿ. ಮೊದಲು ಪೆನ್‌ಡ್ರೈವ್ ಜೇಬಿನಲ್ಲಿ ಹಾಕಿಕೊಂಡು ಲೋಕಲ್ ಹತ್ತುತ್ತಿದ್ದೆ. ಎರಡು ಪೆನ್‌ಡ್ರೈವ್ ಆ ರೈಲಿಗೇ ಅರ್ಪಣೆ ಆಯಿತು. 2019ರಲ್ಲಿ ನನ್ನ ತಂಗಿಯ ಮಗ ರಜೆಗೆ ಬಂದವನು ಎರಡೂ ಕಡೆ ಸಿಂಕ್‌ಥಿಂಗ್ ಅನ್ನುವ ಪ್ರೋಗ್ರಾಂ ಹಾಕಿಕೊಟ್ಟ. ಮಧ್ಯೆ ಯಾರ ಗೋಡೌನೂ ಇಲ್ಲ, ತಿಂಗಳ ಬಾಡಿಗೆ ಇಲ್ಲ. ಅಂಗಡಿಯ ಫೋಲ್ಡರಿನಲ್ಲಿ ಸೇವ್ ಮಾಡಿದ್ದು ಮನೆಯ ಲ್ಯಾಪ್‌ಟಾಪಿಗೆ ತಾನೇ ಬಂದು ಕೂರುತ್ತದೆ. ಎರಡೂ ಒಂದೇ ಹೊತ್ತಿಗೆ ಆನ್ ಇರಬೇಕು, ಅಷ್ಟೇ. ಅದಕ್ಕೆ ಮನೆಯ ಲ್ಯಾಪ್‌ಟಾಪ್ ಮುಚ್ಚಳ ಹಾಕಿದರೂ ಮಲಗದ ಹಾಗೆ ಮಾಡಿಟ್ಟಿದ್ದೇನೆ. ಇಷ್ಟು ವರ್ಷ ಒಂದು ದಿನ ತಕರಾರು ಇರಲಿಲ್ಲ. ಇದೆ ಅನ್ನುವುದೇ ಮರೆತುಹೋಗಿತ್ತು.

ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಅಲ್ಲ, ಅದರ ಬದಲಿಗೆ ಉಬುಂಟು. ಮೊನ್ನೆ ಭಾನುವಾರ ಅದನ್ನು 22.04ರಿಂದ 24.04ಕ್ಕೆ ಏರಿಸಿದೆ. ಯಾಕೆ ಅಂತ ಕೇಳಬೇಡಿ. ಪರದೆಯ ಮೇಲೆ ಕೇಳುತ್ತಲೇ ಇತ್ತು, ನನಗೂ ಆ ದಿನ ಬೇರೆ ಕೆಲಸ ಇರಲಿಲ್ಲ. ಬೆಳಿಗ್ಗೆ 11ಕ್ಕೆ ಶುರು ಮಾಡಿದ್ದು, ಊಟ ಮಾಡಿ ಬಂದರೂ ಓಡುತ್ತಿತ್ತು. ಮೂರು ಗಂಟೆಗೆ ಮುಗಿಯಿತು. ಪುಟ ಜೋಡಿಸುವ ಸ್ಕ್ರೈಬಸ್ ತೆರೆಯಿತು, ಪ್ರಿಂಟರ್ ಸಿಕ್ಕಿತು, ಕನ್ನಡ ಟೈಪಿಂಗ್ ಸರಿ ಇತ್ತು. ಖುಷಿಯಲ್ಲಿ ಶಟರ್ ಎಳೆದು ಹೋದೆ.

ಈಗ ಮಂಡೆಬಿಸಿಯ ಕಥೆ. ತುಳಸಿ ಪೂಜೆ ಮುಗಿದಿದೆ, ಮದುವೆಗಳು ಸಾಲಾಗಿ ನಿಂತಿವೆ. ಸೋಮವಾರ ಸಂಜೆ ನಾಲ್ಕಕ್ಕೆ ಒಂದು ಪಾರ್ಟಿ ಬಂದಿತ್ತು, ಹುಡುಗನ ಕಡೆಯವರು. ಕಾಗದದಲ್ಲಿ ಹುಡುಗನ ಅಮ್ಮನ ಹೆಸರು ‘ಶಕುಂತಲಾ’ ಅಂತ ಇತ್ತು. ಅವರು ‘ಶಕುಂತಳಾ’ ಅಂತಲೇ ಬರೆಯುವುದಂತೆ. ಎದುರಿಗೆ ಕೂರಿಸಿಕೊಂಡು ತಿದ್ದಿದೆ, ಸೇವ್ ಮಾಡಿದೆ. ಚಾ ಕುಡಿದು ಹೋದರು. ರಾತ್ರಿ ಮನೆಗೆ ಬಂದಾಗ ಫೋನ್ ಬಂತು, ಆರತಕ್ಷತೆ 7ಕ್ಕಲ್ಲ, 6:30ಕ್ಕೆ ಅಂತ. ಲ್ಯಾಪ್‌ಟಾಪಿನಲ್ಲಿ ಫೈಲ್ ತೆಗೆದು ಹೊತ್ತು ಬದಲಿಸಿ, ಪಿಡಿಎಫ್ ಮಾಡಿ, ಪ್ರೆಸ್ಸಿಗೂ ಅವರಿಗೂ ಕಳಿಸಿ ಮಲಗಿದೆ. ಬೆಳಿಗ್ಗೆ ಹುಡುಗನ ಮಾವ ಫೋನಿನಲ್ಲಿ ಕೂಗುತ್ತಿದ್ದರು. “ನಿನ್ನೆ ಎದುರಿಗೇ ಸರಿ ಮಾಡಿದ್ದಲ್ವಾ? ಮತ್ತೆ ‘ಲಾ’ ಹೇಗೆ ಬಂತು?” ಸೋಮವಾರದ ತಿದ್ದುಪಡಿ ಮನೆಗೆ ಬಂದೇ ಇರಲಿಲ್ಲ ಮಾರಾಯ್ರೆ. ಪುಣ್ಯಕ್ಕೆ ಅಚ್ಚಿನ ಪ್ಲೇಟ್ ಆಗಿರಲಿಲ್ಲ. ಪ್ರೆಸ್ಸಿನವರಿಗೆ ನಿಲ್ಲಿಸಲು ಹೇಳಿದ್ದೇನೆ.

ಇವತ್ತು ಅಂಗಡಿಯಲ್ಲಿ ಏನೇನು ಮಾಡಿದೆ ಅಂದರೆ: ಬ್ರೌಸರಿನಲ್ಲಿ 127.0.0.1:8384, ಅಂದರೆ ಸಿಂಕ್‌ಥಿಂಗ್‌ನ ಪುಟ ತೆರೆದೆ, ಕನೆಕ್ಷನ್ ಇಲ್ಲ ಅನ್ನುತ್ತದೆ. ಮೂರು ಸಲ ರೀಸ್ಟಾರ್ಟ್ ಮಾಡಿದೆ. ಎರರ್ ಇಲ್ಲ, ಕಿಟಕಿ ಇಲ್ಲ, ಏನೂ ಇಲ್ಲ. ಸತ್ತವರಾದರೂ ಒಂದು ಸಲ ಉಸಿರು ಬಿಡುತ್ತಾರೆ. ಕೊನೆಗೆ ಕಮಾಂಡ್ ಹೊಡೆಯುವ ಟರ್ಮಿನಲ್ ಕಿಟಕಿ ತೆಗೆದು ಸೂಡೊ ಹಾಕಿ ಸಿಂಕ್‌ಥಿಂಗ್ ಅಂತ ಹೊಡೆದೆ. ಪುಟ ತೆರೆಯಿತು! ಆದರೆ ಖಾಲಿ. ನನ್ನ ಆರು ಫೋಲ್ಡರಿನಲ್ಲಿ ಒಂದೂ ಇಲ್ಲ, ಮನೆಯ ಲ್ಯಾಪ್‌ಟಾಪಿನ ಹೆಸರೂ ಇಲ್ಲ. ಕೈಕಾಲು ತಣ್ಣಗಾಯಿತು. ಕಂಪ್ಯೂಟರ್ ಬಂದ್ ಕೂಡ ಮಾಡದೆ ಶಟರ್ ಎಳೆದು ಬಂದಿದ್ದೇನೆ.

ತಂಗಿಯ ಮಗ ಈಗ ಬೆಂಗಳೂರಿನಲ್ಲಿ ರಾತ್ರಿ ಪಾಳಿ, ಫೋನ್ ಎತ್ತುತ್ತಿಲ್ಲ. ಫೋಲ್ಡರುಗಳು ಹೋದವೇ? ಎಲ್ಲ ತೆಗೆದು ಹೊಸದಾಗಿ ಹಾಕಲೇ? ಫೋನಿನಿಂದ ಬರೆಯುತ್ತಿದ್ದೇನೆ, ಕಮಾಂಡುಗಳನ್ನೂ ಕನ್ನಡದಲ್ಲೇ ಬರೆದುಕೊಡಿ, ಇಂಗ್ಲಿಷಿಗೆ ನಾನು ಇಳಿಸಿಕೊಳ್ಳುತ್ತೇನೆ.


ಹಡಪ್ಸರ್ ಹುಡುಗ, ಪುಣೆ
ಮಂಗಳವಾರ, ರಾತ್ರಿ 11:52

ಕಾಕಾ, ಮೊದಲು ನೀರು ಕುಡಿಯಿರಿ. ಏನೂ ಹೋಗಿಲ್ಲ. ದಯವಿಟ್ಟು ಏನನ್ನೂ ತೆಗೆದುಹಾಕಬೇಡಿ.

ಸೂಡೊ ಹಾಕಿದಾಗ ಖಾಲಿ ಕಂಡಿದ್ದು ಸರಿಯೇ ಇದೆ. ಸೂಡೊ ಅಂದರೆ ಆ ಹೊತ್ತಿಗೆ ನೀವು ನೀವಲ್ಲ, ರೂಟ್ ಅನ್ನುವ ಯಜಮಾನ. ಸಿಂಕ್‌ಥಿಂಗ್ ಯಾರು ಓಡಿಸಿದರೋ ಅವರ ಮನೆಯಲ್ಲಿ, ಅಂದರೆ ಅದೇ ಕಂಪ್ಯೂಟರಿನೊಳಗೆ ಅವರ ಹೆಸರಿನ ಫೋಲ್ಡರಿನಲ್ಲಿ, ತನ್ನ ಸೆಟ್ಟಿಂಗ್ ಹುಡುಕುತ್ತದೆ. ಯಜಮಾನರ ಮನೆಯಲ್ಲಿ ಅದು ಯಾವತ್ತೂ ಇರಲಿಲ್ಲ, ಅದಕ್ಕೆ ಹೊಸ ಸಂಸಾರ ಹೂಡಿತು. ಗುರುತಿನ ನಂಬರೂ ಹೊಸದು. ಆ ನಂಬರ್ ಬರುವುದು ಸರ್ಟಿಫಿಕೇಟ್ ಫೈಲಿನಿಂದ. ನಿಮ್ಮ ಹಳೇ ಸರ್ಟಿಫಿಕೇಟ್, ಹಳೇ ಫೋಲ್ಡರುಗಳ ಪಟ್ಟಿ ಎಲ್ಲ ನಿಮ್ಮ ಮನೆಯಲ್ಲೇ ಭದ್ರ ಇವೆ. ಗಾಬರಿಯಲ್ಲಿ ಆ ಸೆಟ್ಟಿಂಗ್ ಫೋಲ್ಡರ್ ಅಳಿಸಿದ್ದರೆ ಮಾತ್ರ ನಿಜವಾಗಿ ಕಷ್ಟ ಆಗುತ್ತಿತ್ತು.

ನಾಳೆ ಅಂಗಡಿಗೆ ಹೋದ ಕೂಡಲೇ ಆ ಸೂಡೊ ಕಿಟಕಿಯಲ್ಲಿ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಇಲ್ಲದಿದ್ದರೆ 8384ನೇ ಬಾಗಿಲನ್ನು ಅದೇ ಹಿಡಿದುಕೊಂಡಿರುತ್ತದೆ, ನಿಮ್ಮ ಅಸಲಿ ಸಿಂಕ್‌ಥಿಂಗ್ ಬಂದರೂ ಜಾಗ ಸಿಗಲ್ಲ.

ಆಮೇಲೆ ಎರಡು ವಿಷಯ ಬೇಕು. ಒಂದು, ನಿಮ್ಮ ಅಳಿಯ ಇದನ್ನು ತಾನೇ ಶುರುವಾಗುವ ಹಾಗೆ ಎಲ್ಲಿ ಇಟ್ಟಿದ್ದಾನೆ? ‘ಸ್ಟಾರ್ಟಪ್ ಅಪ್ಲಿಕೇಶನ್ಸ್’ ತೆರೆದು ನೋಡಿ, ಅಲ್ಲಿ ಸಿಂಕ್‌ಥಿಂಗ್ ಅಂತ ಇದ್ದರೆ ಅದರ ಕಮಾಂಡ್ ಸಾಲನ್ನು ಅಕ್ಷರ ಬಿಡದೆ ಇಲ್ಲಿ ಬರೆಯಿರಿ. ಎರಡು, ಅದೇ ಸಾಲನ್ನು ಟರ್ಮಿನಲ್‌ನಲ್ಲಿ ನೀವೇ ಹೊಡೆಯಿರಿ. ಸೂಡೊ ಇಲ್ಲದೆ. ತಾನೇ ಶುರುವಾಗುವಾಗ ಸೋತರೆ ಅದು ಯಾರಿಗೂ ಹೇಳಲ್ಲ, ಸುಮ್ನೆ ಬಿದ್ದುಹೋಗುತ್ತದೆ. ಟರ್ಮಿನಲ್‌ನಲ್ಲಿ ಸೋತರೆ ಬೈದು ಸೋಲುತ್ತದೆ. ನಮಗೆ ಬೇಕಾಗಿರುವುದು ಆ ಬೈಗುಳ.


ವಾಶಿ ಹತ್ತನೇ ಸೆಕ್ಟರ್
ಬುಧವಾರ, ಬೆಳಿಗ್ಗೆ 7:05

ಅಣ್ಣ, ನನಗೂ 24.04ಕ್ಕೆ ಹೋದಾಗ ಹೀಗೇ ಆಗಿತ್ತು. ನನ್ನದು ಸಿಂಕ್‌ಥಿಂಗ್ ಅಲ್ಲ, ಆಫೀಸಿನವರು ಕೊಟ್ಟ ಬೇರೆ ಸಿಂಕ್ ಆ್ಯಪ್. ಆ್ಯಪ್‌ಇಮೇಜ್ ರೂಪದಲ್ಲಿತ್ತು, ಅಂದರೆ ಇನ್‌ಸ್ಟಾಲ್ ಮಾಡದೆ ಒಂದೇ ಫೈಲನ್ನು ಡಬಲ್ ಕ್ಲಿಕ್ ಮಾಡಿ ಓಡಿಸುವಂಥದ್ದು. ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಟರ್ಮಿನಲ್‌ನಲ್ಲಿ ಓಡಿಸಿದಾಗ ಲಿಬ್‌ಫ್ಯೂಸ್ 2 ಅನ್ನುವ ಲೈಬ್ರರಿ, ಅಂದರೆ ಆ್ಯಪ್ ಓಡಲು ಬೇಕಾದ ಸಹಾಯಕ ಫೈಲ್, ಸಿಗುತ್ತಿಲ್ಲ ಅಂತ ಹೇಳಿತು. ಹಳೆ ಆ್ಯಪ್‌ಇಮೇಜ್‌ಗಳಿಗೆ ಫ್ಯೂಸ್‌ನ ಎರಡನೇ ಆವೃತ್ತಿ ಬೇಕು. ಉಬುಂಟು 22.04ರಿಂದಲೇ ಮೂರನೇ ಆವೃತ್ತಿ ಮಾತ್ರ ಜೊತೆಗೆ ಬರುತ್ತದೆ.

ನಾನು ಲಿಬ್‌ಫ್ಯೂಸ್2 ಅಂತ ಹುಡುಕಿ ಸುಸ್ತಾದೆ. 24.04ರಲ್ಲಿ ಅದರ ಹೆಸರು ‘ಲಿಬ್‌ಫ್ಯೂಸ್2ಟಿ64’. ಬಾಲಕ್ಕೆ ‘ಟಿ64’ ಯಾಕೆ ಅಂದರೆ ಅದೂ ಒಂದು ಕಥೆ. ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿವೆ. 32 ಬಿಟ್ಟಿನ ಡಬ್ಬಿಯಲ್ಲಿ ಎಣಿಸುವ ಯಂತ್ರಗಳಿಗೆ 2038ರ ಜನವರಿ 19ಕ್ಕೆ ಡಬ್ಬಿ ತುಂಬಿಹೋಗುತ್ತದೆ. ಅದಕ್ಕೆ ಈಗಲೇ 64 ಬಿಟ್ಟಿನ ಡಬ್ಬಿಗೆ ಸಾಗಿಸುತ್ತಿದ್ದಾರೆ. ನಮ್ಮ ನಿಮ್ಮ ಈಗಿನ ಕಂಪ್ಯೂಟರಿನಲ್ಲಿ ಡಬ್ಬಿ ಮೊದಲೇ ದೊಡ್ಡದಿತ್ತು, ಹೆಸರು ಮಾತ್ರ ಬದಲಾಯಿತು. ಮದುವೆ ಅವರದ್ದು, ಹೆಸರು ಬದಲಾಗಿದ್ದು ನಮ್ಮದು ಅನ್ನುವ ಹಾಗೆ.

ಒಂದು ಎಚ್ಚರಿಕೆ. ಸುಮ್ನೆ ‘ಫ್ಯೂಸ್’ ಅಂತ ಒಂದು ಪ್ಯಾಕೇಜ್ ಇದೆ, ಅದನ್ನು ಹಾಕಬೇಡಿ. ಅದು ಬರಬೇಕಾದರೆ ಫ್ಯೂಸ್ 3 ಹೊರಗೆ ಹೋಗಬೇಕು, ಅದರ ಹಿಂದೆ ಡೆಸ್ಕ್‌ಟಾಪಿನ ಬೇರೆ ಭಾಗಗಳೂ ಹೋಗುತ್ತವೆ. ನಾನು ಹಾಕಿದೆ. ಆಮೇಲೆ ಲಾಗಿನ್ ಪರದೆಯೇ ಕಾಣಲಿಲ್ಲ. ಶನಿವಾರ ಪೂರ್ತಿ ಅದಕ್ಕೇ ಹೋಯಿತು.


ಹಡಪ್ಸರ್ ಹುಡುಗ, ಪುಣೆ
ಬುಧವಾರ, ಬೆಳಿಗ್ಗೆ 8:30

ವಾಶಿಯವರು ಹೇಳಿದ್ದು ನಿಜ, ಆದರೆ ಕಾಕಾನ ರೋಗ ಅದಲ್ಲ ಅನ್ನಿಸುತ್ತದೆ. ಸೂಡೊ ಹಾಕಿದಾಗ ಓಡಿತಲ್ವಾ? ಲೈಬ್ರರಿ ಇಲ್ಲದಿದ್ದರೆ ಯಜಮಾನನಿಗೂ ಓಡುತ್ತಿರಲಿಲ್ಲ. ಪ್ರೋಗ್ರಾಂ ಗಟ್ಟಿ ಇದೆ. ಅದನ್ನು ಕರೆಯುವ ರೀತಿಯಲ್ಲಿ ಏನೋ ಇದೆ. ಕಾಕಾ, ಆ ಸಾಲು ಕಳಿಸಿ.


ಅಚ್ಚುಮೊಳೆ, ಮಾಟುಂಗಾ
ಬುಧವಾರ, ಬೆಳಿಗ್ಗೆ 10:45

ಅಂಗಡಿಯಲ್ಲಿದ್ದೇನೆ. ಸೂಡೊ ಕಿಟಕಿ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದೆ.

ಸ್ಟಾರ್ಟಪ್‌ನಲ್ಲಿ ಸಾಲು ಸಿಕ್ಕಿತು. ಹೀಗಿದೆ:

ಸಿಂಕ್‌ಥಿಂಗ್ -ನೋ-ಬ್ರೌಸರ್ -ಹೋಮ್=/ಡೇಟಾ/ಎಸ್‌ಟಿ

ಡೇಟಾ ಅನ್ನುವುದು ಎರಡನೇ ಹಾರ್ಡ್‌ಡಿಸ್ಕ್. ಮೊದಲನೆಯದು ಸಣ್ಣದು ಅಂತ ಹುಡುಗ ಎಲ್ಲವನ್ನೂ ಅಲ್ಲಿ ಇಟ್ಟಿದ್ದ. ಹೋಗಿ ನೋಡಿದೆ, ಆ ಎಸ್‌ಟಿ ಫೋಲ್ಡರಿನಲ್ಲಿ ಫೈಲುಗಳು ಇವೆ, ಸರ್ಟಿಫಿಕೇಟ್ ಅಂತ ನೀವು ಹೇಳಿದ್ದೂ ಇದೆ. ನಿಮ್ಮ ಬಾಯಿಗೆ ಸಕ್ಕರೆ.

ಸಾಲನ್ನು ಟರ್ಮಿನಲ್‌ನಲ್ಲಿ ಹೊಡೆದೆ. ಬೈಗುಳ ಬಂತು. ‘ಅನ್‌ನೋನ್ ಫ್ಲ್ಯಾಗ್’ ಅಂತೆ. ಆರು ವರ್ಷದಿಂದ ಇದೇ ಸಾಲು ಇತ್ತಲ್ಲ, ಈಗ ಯಾಕೆ ಅಪರಿಚಿತ ಆಯಿತು?

ಇನ್ನೊಂದು ವಿಷಯ ಹೇಳಲು ಮರೆತಿದ್ದೆ. ಭಾನುವಾರ ಅಪ್‌ಗ್ರೇಡ್ ಶುರುವಾಗುವಾಗ ‘ಥರ್ಡ್ ಪಾರ್ಟಿ ಸೋರ್ಸ್ ನಿಲ್ಲಿಸಿದ್ದೇವೆ’ ಅಂತ ಒಂದು ಮಾತು ಬಂದಿತ್ತು, ಅಂದರೆ ಉಬುಂಟು ಬಿಟ್ಟು ಹೊರಗಿನವರಿಂದ ಪ್ರೋಗ್ರಾಂ ತರಿಸುವ ದಾರಿ. ಮುಗಿದ ಮೇಲೆ ನೋಡಿದರೆ ನಿಲ್ಲಿಸಿದವರಲ್ಲಿ ಸಿಂಕ್‌ಥಿಂಗ್‌ನದ್ದೂ ಇತ್ತು. ನಾನು ಜಾಣತನ ಮಾಡಿ ಅವರ ಸೈಟಿಗೆ ಹೋಗಿ, ಅಲ್ಲಿದ್ದ ಹೊಸ ಸಾಲುಗಳನ್ನು ಹಾಕಿ ಅಪ್‌ಡೇಟ್ ಕೊಟ್ಟೆ. ಅದೂ ತೊಂದರೆ ಇಲ್ಲದೆ ಆಯಿತು, ಅದಕ್ಕೇ ನೆನಪಿರಲಿಲ್ಲ.


ಹಡಪ್ಸರ್ ಹುಡುಗ, ಪುಣೆ
ಬುಧವಾರ, ಬೆಳಿಗ್ಗೆ 11:10

ಕಾಕಾ! ಆ ‘ಮರೆತಿದ್ದೆ’ ಅನ್ನುವುದರಲ್ಲೇ ಎಲ್ಲಾ ಇದೆ.

ನಿಮ್ಮನ್ನು ಬೀಳಿಸಿದ್ದು ಉಬುಂಟು ಅಲ್ಲ. ಆ ಹೊಸ ಸಾಲುಗಳಿಂದ ಸಿಂಕ್‌ಥಿಂಗ್ ಒಂದನೇ ಪೀಳಿಗೆಯಿಂದ ಎರಡನೇ ಪೀಳಿಗೆಗೆ ಹಾರಿದೆ. ಖಾತ್ರಿ ಬೇಕಾದರೆ ‘ಏಪಿಟಿ ಪಾಲಿಸಿ ಸಿಂಕ್‌ಥಿಂಗ್’ ಅಂತ ಹೊಡೆಯಿರಿ, 2 ಚುಕ್ಕಿ ಏನೋ ಅಂತ ತೋರಿಸುತ್ತದೆ. 2.0 ಬಂದಿದ್ದು 2025ರ ಆಗಸ್ಟ್‌ನಲ್ಲಿ. ಅದರಲ್ಲಿ ದೊಡ್ಡ ಬದಲಾವಣೆಗಳು ಇವೆ, ಆದರೆ ನಿಮ್ಮನ್ನು ಹಿಡಿದಿದ್ದು ಎಲ್ಲಕ್ಕಿಂತ ಚಿಕ್ಕದು. ಫ್ಲ್ಯಾಗ್ ಅಂದರೆ ಆ ಸಾಲಿನ ‘ನೋ-ಬ್ರೌಸರ್’, ‘ಹೋಮ್’ ಥರದ ಆಯ್ಕೆಗಳು. ಮೊದಲು ಉದ್ದ ಹೆಸರಿನ ಆಯ್ಕೆಗಳ ಹಿಂದೆ ಒಂದು ಗೆರೆ ಇದ್ದರೂ ನಡೆಯುತ್ತಿತ್ತು, ಎರಡಿದ್ದರೂ ನಡೆಯುತ್ತಿತ್ತು. 2.0ರಿಂದ ಎರಡೇ ಬೇಕು. ನಿಮ್ಮ ಸಾಲಿನಲ್ಲಿ ಎರಡೂ ಕಡೆ ಒಂದೊಂದೇ ಗೆರೆ ಇದೆ. ಅಳಿಯನನ್ನು ಬೈಯಬೇಡಿ, 2019ರಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು.

ಸೂಡೊ ಹಾಕಿದಾಗ ಓಡಿದ್ದೂ ಇದಕ್ಕೇ. ಆಗ ನೀವು ಬಾಲ ಇಲ್ಲದೆ ಬರೀ ಹೆಸರು ಹೊಡೆದಿದ್ದಿರಿ.

ಹೀಗೆ ಮಾಡಿ:

ಸಿಂಕ್‌ಥಿಂಗ್ --ನೋ-ಬ್ರೌಸರ್ --ಹೋಮ್=/ಡೇಟಾ/ಎಸ್‌ಟಿ

‘ನೋ’ ಮತ್ತು ‘ಬ್ರೌಸರ್’ ನಡುವೆ ಮಾತ್ರ ಒಂದೇ ಗೆರೆ. ‘ಹೋಮ್’ ಭಾಗ ಬಿಡಬೇಡಿ. ಬಿಟ್ಟರೆ ಮತ್ತೆ ಬೇರೆ ಕಡೆ ಹುಡುಕಿ, ಖಾಲಿ ಪುಟ ತೋರಿಸಿ, ನಿಮ್ಮ ಕೈಕಾಲು ತಣ್ಣಗೆ ಮಾಡುತ್ತದೆ.


ಮಡಗಾಂವ್ ಗೋಡಂಬಿ
ಬುಧವಾರ, ಬೆಳಿಗ್ಗೆ 11:25

ಅಣ್ಣಾ, ನಿಲ್ಲಿ ನಿಲ್ಲಿ. ಶುರು ಮಾಡುವ ಮೊದಲು ಇದನ್ನು ಓದಿ.

ನಮ್ಮದು ಮಡಗಾಂವಿನಲ್ಲಿ ಗೋಡಂಬಿ ಅಂಗಡಿ, ಮನೆ ಕಾರವಾರದಲ್ಲಿ. ಸ್ಟಾಕ್ ಲೆಕ್ಕದ ಶೀಟು ಎರಡು ಕಡೆಗೂ ಸಿಂಕ್‌ಥಿಂಗ್‌ನಲ್ಲೇ ಓಡಾಡುತ್ತದೆ. ಒಂದು ಸಲ ಮೂರು ದಿನ ಸಿಂಕ್ ನಿಂತಿತ್ತು. ಗೊತ್ತಿಲ್ಲದೆ ನಾನು ಇಲ್ಲಿ ಬರೆದೆ, ಮನೆಯವರು ಅಲ್ಲಿ ಬರೆದರು. ಸಿಂಕ್ ಮತ್ತೆ ಬಂದಾಗ ಶೀಟಿನಲ್ಲಿ ನನ್ನ ಒಂದು ದಿನದ ಲೆಕ್ಕವೇ ಕಾಣಲಿಲ್ಲ. ಅಳುವುದೊಂದು ಬಾಕಿ.

ಅದು ಹೋಗಿರಲಿಲ್ಲ. ಎರಡೂ ಕಡೆ ಒಂದೇ ಫೈಲ್ ಬದಲಾಗಿದ್ದರೆ ಸಿಂಕ್‌ಥಿಂಗ್ ಎರಡನ್ನೂ ಬೆರೆಸಲ್ಲ, ಅದಕ್ಕೆ ಒಳಗೆ ಏನಿದೆ ಅಂತ ಗೊತ್ತಾಗಲ್ಲ. ಯಾವುದನ್ನು ಕೊನೆಗೆ ಸೇವ್ ಮಾಡಿದ್ದಾರೋ ಅದಕ್ಕೆ ಅಸಲಿ ಹೆಸರು ಕೊಡುತ್ತದೆ. ಮೊದಲು ಸೇವ್ ಆದದ್ದನ್ನು ಪಕ್ಕದಲ್ಲೇ ಬೇರೆ ಹೆಸರಿನಲ್ಲಿ ಇಡುತ್ತದೆ. ಹೆಸರಿನ ಮಧ್ಯೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ಇದ್ದು, ಅದಾದ ಮೇಲೆ ತಾರೀಖು, ಹೊತ್ತು ಎಲ್ಲ ಇರುತ್ತದೆ.

ಈಗ ನಿಮ್ಮ ಕಾಗದ ನೋಡಿ. ಹೆಸರು ತಿದ್ದಿದ್ದು ಅಂಗಡಿಯಲ್ಲಿ, ಸೋಮವಾರ ನಾಲ್ಕಕ್ಕೆ. ಹೊತ್ತು ತಿದ್ದಿದ್ದು ಮನೆಯಲ್ಲಿ, ಸೋಮವಾರ ರಾತ್ರಿ. ರಾತ್ರಿಯದು ಕೊನೆಯದು. ಅಂದರೆ ಸಿಂಕ್ ಶುರುವಾದ ಕೂಡಲೇ ಅಸಲಿ ಹೆಸರಿನಲ್ಲಿ ಕೂರುವುದು ‘ಶಕುಂತಲಾ’! ನೀವು ಎದುರಿಗೆ ಕೂರಿಸಿ ತಿದ್ದಿದ ‘ಶಕುಂತಳಾ’ ಬದಿಗೆ ಹೋಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲೂ ಹಾಗೇ ಆಗುತ್ತದೆ. ‘ಸಿಂಕ್ ಬಂತು, ಎಲ್ಲ ಸರಿ ಆಯಿತು’ ಅಂತ ಮುಖ್ಯ ಫೈಲ್ ತೆಗೆದು ಪ್ರೆಸ್ಸಿಗೆ ಕಳಿಸಿದರೆ ಮಾವ ಮತ್ತೆ ಫೋನ್ ಮಾಡುತ್ತಾರೆ.

ಅದಕ್ಕೆ ಈಗ ಸಿಂಕ್ ಇನ್ನೂ ಸತ್ತಿರುವಾಗಲೇ, ಅಂಗಡಿಯ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ಶುರು ಮಾಡಿ. ಸೋಮವಾರದಿಂದ ಎರಡೂ ಕಡೆ ಮುಟ್ಟಿದ ಬೇರೆ ಫೈಲ್ ಇದ್ದರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.


ಅಚ್ಚುಮೊಳೆ, ಮಾಟುಂಗಾ
ಬುಧವಾರ, ಮಧ್ಯಾಹ್ನ 1:15

ತಂಗೀ, ನಿಮ್ಮ ಹೊಟ್ಟೆ ತಣ್ಣಗಿರಲಿ. ಹಡಪ್ಸರ್ ಹುಡುಗನ ಉತ್ತರ ಓದಿ ಎಂಟರ್ ಹೊಡೆಯುವುದರಲ್ಲಿದ್ದೆ, ಅಷ್ಟರಲ್ಲಿ ಒಬ್ಬರು ಬಂದು ವಿಸಿಟಿಂಗ್ ಕಾರ್ಡ್ ಕೇಳಿದರು. ಅವರನ್ನು ಕಳಿಸಿ ಬಂದು ನೋಡಿದರೆ ನಿಮ್ಮ ಮಾತು. ಆ ಕಾರ್ಡಿನವನಿಗೆ ಐವತ್ತು ರೂಪಾಯಿ ಬಿಡಬೇಕಿತ್ತು.

ಎರಡೂ ಕಡೆ ಮುಟ್ಟಿದ್ದು ಎರಡು ಫೈಲ್. ಒಂದು ಈ ಕಾಗದ, ಇನ್ನೊಂದು ಅಂಧೇರಿಯ ಒಂದು ಯಕ್ಷಗಾನ ಮಂಡಳಿಯ ಹ್ಯಾಂಡ್‌ಬಿಲ್. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕುತ್ತಿದ್ದೇನೆ, 38 ಜಿಬಿ ಉಂಟು, ಹಳೆ ಡಿಸ್ಕ್, ನಿಧಾನ. ಅಷ್ಟರಲ್ಲಿ ಊಟ ಮಾಡಿ ಬರುತ್ತೇನೆ.

ಹಾಂ, ಅಳಿಯ ಎದ್ದ. ಅವನೂ ಅದೇ ಎರಡು ಗೆರೆ ಅಂತ ಹೇಳಿದ, ಪೂರ್ತಿ ಸಾಲನ್ನೇ ವಾಟ್ಸಾಪಿನಲ್ಲಿ ಕಳಿಸಿದ್ದಾನೆ. ಕಾಪಿ ಮಾಡಿ ಹಾಕುವುದೊಂದೇ ಬಾಕಿ.


ಅಚ್ಚುಮೊಳೆ, ಮಾಟುಂಗಾ
ಬುಧವಾರ, ಮಧ್ಯಾಹ್ನ 3:40

ಆಗುತ್ತಿಲ್ಲ. ಅಳಿಯನ ಸಾಲನ್ನು ವಾಟ್ಸಾಪ್‌ನಿಂದ ಹಾಗೇ ತೆಗೆದು ಟರ್ಮಿನಲ್‌ಗೆ ಹಾಕಿದೆ. ಈ ಸಲ ಬೈಗುಳ ಬೇರೆ. ಫ್ಲ್ಯಾಗ್ ಮಾತೇ ಇಲ್ಲ, ಏನೋ ಬೇಡದ ಆರ್ಗ್ಯುಮೆಂಟ್ ಅಂತೆ. ನಾನು ಯಾರ ಹತ್ತಿರವೂ ವಾದ ಮಾಡಲಿಲ್ಲವಲ್ಲ.


ಹಡಪ್ಸರ್ ಹುಡುಗ, ಪುಣೆ
ಬುಧವಾರ, ಮಧ್ಯಾಹ್ನ 3:48

ಅಳಿಯನ ಹತ್ತಿರ ಇರುವುದು ಐಫೋನಾ?


ಅಚ್ಚುಮೊಳೆ, ಮಾಟುಂಗಾ
ಬುಧವಾರ, ಸಂಜೆ 4:05

ಐಫೋನೇ. ನೀವು ಕೇಳಿದ ಕೂಡಲೇ ಕನ್ನಡಕ ಹಾಕಿ ಸಾಲನ್ನು ಮತ್ತೆ ನೋಡಿದೆ. ನಾಚಿಕೆಯಾಯಿತು.

ಆ ಫೋನು ಎರಡು ಗೆರೆಯನ್ನು ಸೇರಿಸಿ ತಾನೇ ಒಂದು ಉದ್ದ ಗೆರೆ ಮಾಡಿಬಿಟ್ಟಿದೆ. ನಮ್ಮ ಭಾಷೆಯಲ್ಲಿ ಎಮ್ ಡ್ಯಾಶ್. ಇಪ್ಪತ್ತೆಂಟು ವರ್ಷದಿಂದ ಇದೇ ನನ್ನ ಜಗಳ. ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸಿದ ಮ್ಯಾಟರಿನಲ್ಲಿ ಹೈಫನ್ ಇರಬೇಕಾದಲ್ಲಿ ಡ್ಯಾಶ್, ಡ್ಯಾಶ್ ಇರಬೇಕಾದಲ್ಲಿ ಹೈಫನ್. ಪ್ರೂಫ್ ನೋಡುವ ಹುಡುಗರಿಗೆ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ. ಮೊಳೆ ಜೋಡಿಸುವ ಕಾಲದಲ್ಲಿ ಎರಡೂ ಬೇರೆ ಬೇರೆ ಖಾನೆಯಲ್ಲಿ ಇರುತ್ತಿದ್ದವು, ಕೈಗೇ ಗೊತ್ತಾಗುತ್ತಿತ್ತು. ಟರ್ಮಿನಲ್‌ನ ಅಕ್ಷರದಲ್ಲಿ ಎಲ್ಲಕ್ಕೂ ಒಂದೇ ಅಗಲ, ಅದಕ್ಕೆ ಕಣ್ಣು ಮೋಸ ಹೋಯಿತು. ಇದು ನೆಪ ಅಂತ ನನಗೂ ಗೊತ್ತು.

ಕೈಯಿಂದ ಟೈಪ್ ಮಾಡಿದೆ. ಗೆರೆ, ಗೆರೆ. ಬೈಗುಳ ಬರಲಿಲ್ಲ. ಆದರೆ ಪುಟದಲ್ಲಿ ನನ್ನ ಫೋಲ್ಡರುಗಳು ಇನ್ನೂ ಕಾಣುತ್ತಿಲ್ಲ. ಟರ್ಮಿನಲ್‌ನಲ್ಲಿ ‘ಮೈಗ್ರೇಟ್’ ಅಂತ ಸಾಲುಗಳು ಮಾತ್ರ ಬರುತ್ತಿವೆ. ನಿಲ್ಲಿಸಲೇ?


ಹಡಪ್ಸರ್ ಹುಡುಗ, ಪುಣೆ
ಬುಧವಾರ, ಸಂಜೆ 4:09

ನಿಲ್ಲಿಸಬೇಡಿ! ಅದು ನಾನು ಹೇಳಿದ ದೊಡ್ಡ ಬದಲಾವಣೆ. ಯಾವ ಫೈಲ್ ಎಲ್ಲಿದೆ, ಯಾವಾಗ ಬದಲಾಯಿತು ಅನ್ನುವ ಖಾತೆ ಪುಸ್ತಕವನ್ನು ಮೊದಲು ಲೆವೆಲ್‌ಡಿಬಿ ಅನ್ನುವುದರಲ್ಲಿ ಇಡುತ್ತಿದ್ದರು. 2.0ರಿಂದ ಎಸ್‌ಕ್ಯುಲೈಟ್‌ನಲ್ಲಿ. ಮೊದಲ ಸಲ ಎದ್ದಾಗ ಹಳೇ ಪುಸ್ತಕದಿಂದ ಹೊಸದಕ್ಕೆ ಪ್ರತಿ ಸಾಲು ನಕಲು ಮಾಡುತ್ತದೆ. ಅದು ಮುಗಿಯುವವರೆಗೆ ಮಾಮೂಲಿ ಪುಟ ಬರಲ್ಲ. ಸಣ್ಣ ಫೈಲುಗಳು ಜಾಸ್ತಿ ಇದ್ದು ಡಿಸ್ಕ್ ಹಳೇದಾದರೆ ಹೊತ್ತು ಹಿಡಿಯುತ್ತದೆ. ಒಂದೇ ಸಲ ಆಗುವ ಕೆಲಸ, ನಾಳೆಯಿಂದ ಇರಲ್ಲ.

ಮನೆಯ ಲ್ಯಾಪ್‌ಟಾಪ್ ಹಳೇ ಪೀಳಿಗೆಯಲ್ಲೇ ಇದ್ದರೂ ಚಿಂತೆ ಇಲ್ಲ. ಒಂದಕ್ಕೂ ಎರಡಕ್ಕೂ ಮಾತು ಬರುತ್ತದೆ.


ವಾಶಿ ಹತ್ತನೇ ಸೆಕ್ಟರ್
ಬುಧವಾರ, ಸಂಜೆ 4:30

ಹಾಗಾದರೆ ಅಪ್‌ಗ್ರೇಡ್ ಆದ ಮೇಲೆ ಏನಾದರೂ ಕೆಟ್ಟರೆ ಅಪ್‌ಗ್ರೇಡಿನ ತಪ್ಪೇ ಅಲ್ಲದಿರಬಹುದು ಅಂತಾಯಿತು. ನಾನು ಹೋಗಿ ನನ್ನ ಸ್ಟಾರ್ಟಪ್ ಸಾಲುಗಳನ್ನು ನೋಡುತ್ತೇನೆ. ಮೂರರಲ್ಲಿ ಎರಡು ಎಲ್ಲಿಂದ ಬಂದವು ಅಂತಲೇ ನೆನಪಿಲ್ಲ.


ಅಚ್ಚುಮೊಳೆ, ಡೊಂಬಿವಲಿಯಿಂದ
ಬುಧವಾರ, ರಾತ್ರಿ 11:35

ಮನೆಗೆ ಬಂದೆ. ವರದಿ ಒಪ್ಪಿಸುತ್ತೇನೆ.

ನಕಲು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ 8384 ತೆರೆಯಿತು, ಆರೂ ಫೋಲ್ಡರ್ ಸಾಲಾಗಿ ನಿಂತಿದ್ದವು. ಮನೆಯ ಲ್ಯಾಪ್‌ಟಾಪ್ ಕೂಡ ಸಿಕ್ಕಿತು. ಸ್ಟಾರ್ಟಪ್ ಸಾಲಿನಲ್ಲೂ ಗೆರೆಗಳನ್ನು ಕೈಯಿಂದಲೇ ಸರಿ ಮಾಡಿ, ರೀಸ್ಟಾರ್ಟ್ ಮಾಡಿ ನೋಡಿದೆ. ಈಗ ತಾನೇ ಏಳುತ್ತದೆ.

ಮಡಗಾಂವಿನ ತಂಗಿ ಹೇಳಿದ್ದು ಅಕ್ಷರ ತಪ್ಪದೆ ಆಯಿತು. ಐದು ನಿಮಿಷದೊಳಗೆ ಫೋಲ್ಡರಿನಲ್ಲಿ ಎರಡು ಸಿಂಕ್-ಕಾನ್‌ಫ್ಲಿಕ್ಟ್ ಫೈಲ್ ಬಂದು ಕೂತವು. ಮುಖ್ಯ ಹೆಸರಿನ ಕಾಗದ ತೆಗೆದರೆ ಹೊತ್ತು 6:30, ಹೆಸರು ಶಕುಂತಲಾ. ಬದಿಗೆ ಹೋದದ್ದರಲ್ಲಿ ಹೊತ್ತು 7, ಹೆಸರು ಶಕುಂತಳಾ. ಎರಡೂ ಅರ್ಧ ಸರಿ, ಅರ್ಧ ತಪ್ಪು. ಪಕ್ಕಪಕ್ಕ ಇಟ್ಟು ಒಂದು ಮಾಡಿದೆ. ಹ್ಯಾಂಡ್‌ಬಿಲ್ಲಿನಲ್ಲೂ ಹಾಗೇ, ಒಂದರಲ್ಲಿ ಭಾಗವತರ ಹೆಸರು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದು ಹಾಗೇ ಹೋಗಿದ್ದರೆ ಮಾವನವರ ಕೂಗು ಏನೂ ಅಲ್ಲ ಅನ್ನಿಸುತ್ತಿತ್ತು.

ಪೆನ್‌ಡ್ರೈವ್ ಇವತ್ತು ಜೇಬಿನಲ್ಲೇ ಮನೆಗೆ ಬಂತು. ಘಾಟ್ಕೋಪರಿನಲ್ಲಿ ಜನ ನುಗ್ಗುವಾಗ ಎರಡು ಸಲ ಮುಟ್ಟಿ ನೋಡಿಕೊಂಡೆ, ಹಳೇ ಅಭ್ಯಾಸ.

ಪಿಡಿಎಫ್ ಮಾಡಿ ಮೊದಲು ಹುಡುಗನ ಮಾವನಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು. ಹೆಸರು ಸರಿ ಇದೆಯಂತೆ. ಆದರೆ ಹುಡುಗಿಯ ಮನೆಯವರು ಈಗ ಆರತಕ್ಷತೆ 7ಕ್ಕೇ ಇರಲಿ ಅನ್ನುತ್ತಿದ್ದಾರಂತೆ. ಲ್ಯಾಪ್‌ಟಾಪ್ ಮುಚ್ಚಿದ್ದೇನೆ. ನಾಳೆ ಅಂಗಡಿಯಲ್ಲೇ ತಿದ್ದುತ್ತೇನೆ.